ದೋಹಾಕ್ಕೆ ಬಂದ ಅಸಲಿ ಇಂಡಿಯನ್

ಹೊಸ ಕಾಂಟ್ರಾಕ್ಟ್ಸ್ ಮ್ಯಾನೇಜರ್ ಇಂಡಿಯನ್ ಅಂತೆ ಎಂಬ ಸುದ್ದಿ ನಮ್ಮ ದೋಹಾ ಆಫೀಸಿಗೆ ಅವರಿಗಿಂತ ಮೊದಲೇ ಬಂದಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಉತ್ತರದ ಕಡೆ ಗ್ಯಾಸ್ ಪ್ಲಾಂಟುಗಳು ಏಳುತ್ತಿದ್ದ ಕಾಲ. ಆ ಕುರ್ಚಿಯಲ್ಲಿ ಅದುವರೆಗೆ ಕೂತವರೆಲ್ಲ ಬಿಳಿಯರೇ. ಹಾಗಾಗಿ ನಮ್ಮ ಭಾರತೀಯರ ಗುಂಪು ಎದೆಯುಬ್ಬಿಸಿಕೊಂಡು ಓಡಾಡತೊಡಗಿತು. ಅಕೌಂಟ್ಸಿನ ಮಲಯಾಳಿಗಳು ಆತ ಕೋಟ್ಟಯಂ ಕಡೆಯವನೇ ಎಂದು ತೀರ್ಮಾನಿಸಿಬಿಟ್ಟರು. ತಮಿಳರು ಇಲ್ಲ, ಮದ್ರಾಸಿನವನು ಎಂದರು. ಇಡೀ ಆಫೀಸಿಗೆ ನಾನೊಬ್ಬನೇ ಕನ್ನಡಿಗ, ಬಾಗಲಕೋಟೆಯವನು. ನಮ್ಮ ಕಡೆಯಿಂದ ಅಷ್ಟು ದೊಡ್ಡ ಹುದ್ದೆಗೆ ಯಾರೂ ಬರಲಾರರು ಎಂಬ ಖಾತ್ರಿ ಇದ್ದುದರಿಂದ ಸುಮ್ಮನಿದ್ದೆ.

ಬಂದವರು ಬಾಗಿಲಿಗೆ ತಲೆ ತಗಲುವಷ್ಟು ಎತ್ತರದ ಅಮೆರಿಕನ್. ನರೆತ ಕೂದಲನ್ನು ಹಿಂದಕ್ಕೆಳೆದು ರಬ್ಬರ್ ಬ್ಯಾಂಡ್ ಹಾಕಿದ್ದರು. ಕಾಲಲ್ಲಿ ಚೂಪು ಮೂತಿಯ ಬೂಟು. ಅಕೌಂಟ್ಸಿನವನೊಬ್ಬ ಅವರ ಬೆನ್ನ ಹಿಂದೆ ಇಣುಕಿ, "ಸರ್, ಇಂಡಿಯನ್ ಎಲ್ಲಿ?" ಎಂದು ಕೇಳಿಯೇಬಿಟ್ಟ.

"ನಾನೇ," ಎಂದರು. "ಅಸಲಿಗೆ ಆ ಹೆಸರು ನಿಮ್ಮದು. ಒಬ್ಬ ನಾವಿಕ ದಾರಿ ತಪ್ಪಿ ಬಂದು ಅದನ್ನು ನಮ್ಮ ಮನೆಯಲ್ಲಿ ಬಿಟ್ಟುಹೋದ. ಐನೂರು ವರ್ಷ ಜೋಪಾನ ಮಾಡಿದ್ದೇವೆ. ಬೇಕಿದ್ದರೆ ವಾಪಸ್ ತೆಗೆದುಕೊಳ್ಳಿ."

ಅವರು ಒಕ್ಲಹೋಮಾದವರು, ಚೆರೋಕಿ ಜನಾಂಗದವರು. ಅಮೆರಿಕದ ಮೂಲನಿವಾಸಿಗಳಲ್ಲಿ ಅದೊಂದು ದೊಡ್ಡ ಪಂಗಡ ಎಂಬುದನ್ನು ನಾನು ಆಮೇಲೆ ತಿಳಿದುಕೊಂಡೆ. ಅವತ್ತು ನನಗೆ ಅರ್ಥವಾಗಿದ್ದು ಒಂದೇ: ನಮ್ಮ ಇಂಡಿಯನ್ನಿಗೆ ಸಾಂಬಾರು ಬೇಡ.

ಅವರು ತೀರಿಕೊಂಡರು ಎಂದು ಹಳೆಯ ಸಹೋದ್ಯೋಗಿಯೊಬ್ಬ ಈಚೆಗೆ ಫೋನಿನಲ್ಲಿ ಹೇಳಿದ. ಹೆಸರು ಬರೆಯುವ ಧೈರ್ಯ ನನಗಿಲ್ಲ. ಅಷ್ಟೊಂದು ಕರಾರುಪತ್ರ ಓದಿದ ಮನುಷ್ಯ ಎಲ್ಲಿದ್ದರೂ ನನ್ನ ಮೇಲೆ ಕೇಸು ಹಾಕಿಯಾರು.

ಅವರ ಕುರಿತು ಆಫೀಸು ಮಾಡಿದ ಮೊದಲ ಎಡವಟ್ಟು ಮನೆಯದು. ಕಂಪನಿಯ ದೊಡ್ಡವರಿಗೆಲ್ಲ ಮದೀನತ್ ಖಲೀಫಾದಲ್ಲಿ ವಿಲ್ಲಾ ಕೊಡುವ ಪದ್ಧತಿ. ಇವರ ಕಾಗದಗಳಲ್ಲಿ 'ಇಂಡಿಯನ್' ಎಂದು ನೋಡಿದ ಗುಮಾಸ್ತ ಮುಶೈರಿಬ್‌ನ ಗಲ್ಲಿಯೊಂದರಲ್ಲಿ, ಟೇಲರ್ ಅಂಗಡಿಯ ಮೇಲಿನ ಎರಡು ಕೋಣೆಯ ಫ್ಲ್ಯಾಟು ಕೊಟ್ಟಿದ್ದ. ಕೆಳಗೆ ಹೊಲಿಗೆ ಮೆಷಿನ್ನಿನ ಸದ್ದು, ಪಕ್ಕದಲ್ಲಿ ಪರೋಟಾ ಬಡಿಯುವ ಸದ್ದು. ತಪ್ಪು ಗೊತ್ತಾದಾಗ ಪ್ರಾಜೆಕ್ಟ್ ಮ್ಯಾನೇಜರ್ ಓಡಿಬಂದು ಕ್ಷಮೆ ಕೇಳಿ, ವಿಲ್ಲಾದ ಬೀಗದ ಕೈ ಮುಂದೆ ಹಿಡಿದ.

"ಬೇಡ," ಎಂದರು ಇವರು. "ಸರ್ಕಾರದವರು ಒಳ್ಳೆಯ ಜಾಗ ಕೊಡುತ್ತೇವೆ ಬನ್ನಿ ಅಂತ ನಮ್ಮವರನ್ನು ಒಂದು ಸಲ ಸ್ಥಳಾಂತರ ಮಾಡಿದ್ದಾರೆ. ನಮ್ಮ ಮನೆತನಕ್ಕೆ ಅದೊಂದು ಸಾಕು."

ಕೊನೆಯವರೆಗೂ ಅಲ್ಲೇ ಇದ್ದರು. ವಿಚಿತ್ರವೆಂದರೆ ಮದೀನತ್ ಖಲೀಫಾದಲ್ಲಿ ಇದ್ದವನು ನಾನು! ವಿಲ್ಲಾದ ಹಿಂಭಾಗಕ್ಕೆ ಪ್ಲೈವುಡ್ ಗೋಡೆ ಹೊಡೆದು ಬಾಡಿಗೆಗೆ ಕೊಟ್ಟಿದ್ದ ಎರಡು ಕೋಣೆಯಲ್ಲಿ, ಹೆಂಡತಿ ಮತ್ತು ಮಗಳ ಜೊತೆ. ಊರಿಗೆ ಬರೆಯುವಾಗ ಮಾತ್ರ 'ವಿಲ್ಲಾ' ಎಂದೇ ಬರೆಯುತ್ತಿದ್ದೆ.

ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಇಂಗ್ಲೆಂಡಿನವನು. ಕೆಟ್ಟವನಲ್ಲ, ಆದರೆ ತಾನು ತಮಾಷೆಗಾರ ಎಂದು ನಂಬಿದ್ದ. ಮೊದಲ ದಿನವೇ ಇವರನ್ನು, ಸಿನಿಮಾದಲ್ಲಿ ಮೂಲನಿವಾಸಿಗಳ ನಾಯಕನನ್ನು ಕರೆಯುವ ಹಾಗೆ, 'ಚೀಫ್' ಎಂದು ಕರೆಯಲು ಶುರುಮಾಡಿದ. ಇವರು ಮುಖದ ಒಂದು ಗೆರೆಯನ್ನೂ ಅಲ್ಲಾಡಿಸದೆ "ಯೆಸ್, ಯುವರ್ ಮೆಜೆಸ್ಟಿ" ಎಂದರು. ಆಮೇಲೆ ಪ್ರತಿ ಮೀಟಿಂಗಿನಲ್ಲೂ, ಹೊರಗಿನವರ ಎದುರಿಗೂ, ಅದೇ ಮೆಜೆಸ್ಟಿ. ಟಿಪ್ಪಣಿ ಬರೆದುಕೊಳ್ಳುವವನು ನಾನು. ನಗು ತಡೆಯಲು ಕೆಮ್ಮಿ ಕೆಮ್ಮಿ ನನಗೆ ಆಫೀಸಿನಲ್ಲಿ ದಮ್ಮಿನ ರೋಗಿ ಎಂಬ ಹೆಸರು ಬಂತು.

ಅವರು ಜೇಬಿನಲ್ಲಿ ಪೆನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಸಹಿ ಬೇಕೆಂದರೆ ಮೊದಲು ಪೆನ್ನು ತರಬೇಕು. ಪೆನ್ನು ತಂದರೆ ಕಾಗದ ಓದುತ್ತಾರೆ. ಓದಿದರೆ ಪ್ರಶ್ನೆ ಕೇಳುತ್ತಾರೆ. "ಇದಕ್ಕೆ ಆ ಕಡೆಯಿಂದ ಸಹಿ ಮಾಡಿದವನು ಯಾರು? ಅವನನ್ನು ಸಹಿ ಮಾಡು ಅಂತ ಕಳಿಸಿದವರು ಯಾರು?" ಸಿಮೆಂಟಿನ ಆರ್ಡರಿಗೂ ಇದೇ, ಕುಡಿಯುವ ನೀರಿನ ಟ್ಯಾಂಕರಿಗೂ ಇದೇ.

ಒಂದು ಶುಕ್ರವಾರ ಅವರನ್ನು ಊಟಕ್ಕೆ ಕರೆದೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿ ಚಟ್ನಿ, ಕಡೆಗೆ ಬೇಯಿಸಿದ ಗೋವಿನಜೋಳದ ತೆನೆ. ಅವರು ತಾಟನ್ನು ಕರಾರುಪತ್ರ ನೋಡುವ ಹಾಗೆ ನೋಡಿದರು.

"ಮೆಣಸಿನಕಾಯಿ ನಮ್ಮ ಕಡೆಯದು," ಎಂದರು. "ಶೇಂಗಾ ನಮ್ಮ ಕಡೆಯದು. ಗೋವಿನಜೋಳವಂತೂ ನಮ್ಮದೇ. ಈ ತಾಟಿನಲ್ಲಿ ನಿಮ್ಮದು ಏನಿದೆ?"

ನಾನು ಹೆಂಡತಿಗೆ ಕನ್ನಡದಲ್ಲಿ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು: "ತಾಟು ನಮ್ದು ಅಂತ ಹೇಳ್ರಿ."

ನಾನು ಅನುವಾದಿಸಿದ ಮೇಲೆ ಅವರು ನಕ್ಕ ನಗುವಿಗೆ ಪ್ಲೈವುಡ್ ಗೋಡೆಯ ಆಚೆಯವರು ಬಾಗಿಲು ತೆಗೆದು ನೋಡಿದರು. ಅಂದಿನಿಂದ ಅವರು ಆ ಮನೆಗೆ ಬರುತ್ತಿದ್ದುದು ನನಗಾಗಿ ಅಲ್ಲ.

ನಮ್ಮ ಮಗಳು ಇಂಗ್ಲಿಷ್ ಶಾಲೆಯವಳು. ಶುಕ್ರವಾರ ಅವಳಿಗೆ ಕನ್ನಡದ ಕಾಗುಣಿತದ ಶಿಕ್ಷೆ. ಅವರು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ಕ, ಕಾ, ಕಿ, ಕೀ ಎಂದು ತಿದ್ದುತ್ತಿದ್ದರು. ಚೆರೋಕಿ ಭಾಷೆಗೂ ಇಂಥದೇ ಲಿಪಿ ಇದೆಯಂತೆ, ಒಂದು ಉಚ್ಚಾರಕ್ಕೆ ಒಂದು ಅಕ್ಷರ. "ಆದರೆ ನಮ್ಮಲ್ಲಿ 'ಕ'ಗೂ 'ಕಿ'ಗೂ ಸಂಬಂಧವೇ ಇಲ್ಲ, ಬೇರೆ ಬೇರೆ ಮನೆಯವರು," ಎಂದರು. "ನಿಮ್ಮಲ್ಲಿ ತಲೆಗೊಂದು ಸುಳಿ ಹಚ್ಚಿದರೆ ಮುಗಿಯಿತು. ಆರಾಮದ ಜನ ನೀವು." ಮಗಳು ಅವರಿಗೆ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಳು. ಅವರು ಮೇಲ್ಮನವಿ ಸಲ್ಲಿಸಿದರು, ತಿರಸ್ಕೃತವಾಯಿತು.

ಸ್ಥಳಾಂತರದ ಕತೆ ಅವರು ಹೇಳಿದ್ದು ಅದೇ ನೆಲದ ಮೇಲೆ ಕೂತು. ಕೇಳಿದವಳು ನನ್ನ ಹೆಂಡತಿ. ಆ ದಿನಗಳಲ್ಲಿ ಕೃಷ್ಣೆಯ ಆಣೆಕಟ್ಟಿನ ಹಿನ್ನೀರಿಗೆ ನಮ್ಮ ಬಾಗಲಕೋಟೆಯ ಅರ್ಧ ಊರು ಮುಳುಗಲಿದೆ ಎಂಬ ಮಾತು ಜೋರಾಗಿತ್ತು. ಅವಳ ತವರಿನ ಓಣಿಯ ಗೋಡೆಗಳ ಮೇಲೆ ಸರ್ಕಾರದವರು ನಂಬರು ಬರೆದುಹೋಗಿದ್ದರು. ಹಾಗಾಗಿ ಅವಳಿಗೆ ಇದು ಪರದೇಶದ ಕತೆಯಾಗಿರಲಿಲ್ಲ.

"ಇವರ ಮಂದೀನ್ನ ಯಾಕ ಎಬ್ಬಿಸಿದ್ರಂತ? ಅಲ್ಲೂ ಡ್ಯಾಮ್ ಏನು?"

"ಡ್ಯಾಮಲ್ಲ, ಚಿನ್ನ," ಎಂದರು ಅವರು. ಸುಮಾರು ನೂರಾ ಅರವತ್ತು ವರ್ಷದ ಹಿಂದಿನವರೆಗೆ ಚೆರೋಕಿಗಳು ಇದ್ದದ್ದು ಅಮೆರಿಕದ ಆಗ್ನೇಯದ ಗುಡ್ಡಗಾಡಿನಲ್ಲಿ. ಹೊಲ, ಮನೆ, ಪತ್ರಿಕೆ, ಸಂವಿಧಾನ ಎಲ್ಲ ಮಾಡಿಕೊಂಡಿದ್ದರು. ಸರ್ಕಾರದ ಜೊತೆ ಒಂದರ ಮೇಲೊಂದು ಒಪ್ಪಂದ. ಪ್ರತಿ ಒಪ್ಪಂದಕ್ಕೂ ಒಂದಿಷ್ಟು ನೆಲ ಹೋಗುತ್ತಿತ್ತು, ಉಳಿದದ್ದು ಶಾಶ್ವತವಾಗಿ ನಿಮ್ಮದೇ ಎಂಬ ಮಾತು ಬರುತ್ತಿತ್ತು. "ಶಾಶ್ವತ ಅನ್ನೋದು ಮುಂದಿನ ಒಪ್ಪಂದದವರೆಗೆ," ಎಂದರು. ಚಿನ್ನ ಸಿಕ್ಕ ಮೇಲೆ ಪೂರ್ತಿ ನೆಲವೇ ಬೇಕಾಯಿತು. ಇವರು ಕೋರ್ಟಿಗೆ ಹೋದರು. ದೇಶದ ಅತಿದೊಡ್ಡ ಕೋರ್ಟು ಇವರ ಪರ ತೀರ್ಪು ಕೊಟ್ಟಿತು. ಅಧ್ಯಕ್ಷ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಜನ ಆರಿಸಿದ ಮುಖ್ಯಸ್ಥ ಊರಲ್ಲಿಲ್ಲದ ಹೊತ್ತಿನಲ್ಲಿ ಸರ್ಕಾರದವರು ಬೆರಳೆಣಿಕೆಯ ಜನರನ್ನು ಕೂಡಿಸಿ, ಇಡೀ ನೆಲ ಬಿಟ್ಟು ಪಶ್ಚಿಮಕ್ಕೆ ಹೋಗುತ್ತೇವೆ ಎಂಬ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಸಾವಿರಾರು ಜನ ಅರ್ಜಿ ಬರೆದರು, ನಾವು ಒಪ್ಪಿಲ್ಲ ಎಂದು. ಸೆನೆಟ್ಟಿನಲ್ಲಿ ಅದು ಒಂದೇ ಮತದ ಹೆಚ್ಚಳದಲ್ಲಿ ಪಾಸಾಯಿತು. ಸೈನಿಕರು ಬಂದರು. ಬೇಸಿಗೆಯಲ್ಲಿ ಜನರನ್ನು ದನಗಳಂತೆ ದೊಡ್ಡಿಗೆ ತುಂಬಿದರು. ಮುಖ್ಯಸ್ಥನಿಗೆ ಗೆಲ್ಲಲಾಗಿದ್ದು ಒಂದೇ, ಬಿಸಿಲು ಇಳಿದ ಮೇಲೆ ಹೊರಡುತ್ತೇವೆ ಎಂಬ ಮುಂದೂಡಿಕೆ. ದಾರಿಯಲ್ಲಿ ಚಳಿಗಾಲ ಸಿಕ್ಕಿತು. ದೊಡ್ಡಿಯಲ್ಲೂ ದಾರಿಯಲ್ಲೂ ಸೇರಿ ಸಾವಿರಗಟ್ಟಲೆ ಸತ್ತರು.

"ತಮಾಷೆ ಏನು ಗೊತ್ತೇ? ಯಾರಿಗೂ ಬೇಡ ಅಂತ ನಮಗೆ ಕೊಟ್ಟ ಒಕ್ಲಹೋಮಾದಲ್ಲಿ ಆಮೇಲೆ ಎಣ್ಣೆ ಸಿಕ್ಕಿತು. ಅದೂ ಬೇಕಾಯಿತು. ನಾನು ಕತಾರಿನಲ್ಲಿ ಇರೋದು ಅದಕ್ಕೇ. ಇಲ್ಲಿ ಎಣ್ಣೆ ಸಿಕ್ಕಿದಾಗ ಊರವರನ್ನು ಓಡಿಸಲಿಲ್ಲ. ಅದು ಹೇಗಿರುತ್ತೆ ಅಂತ ನೋಡೋಣ ಅಂತ ಬಂದೆ."

ಹೆಂಡತಿ ನಗಲಿಲ್ಲ. "ಸಹಿ ಮಾಡಿದ ಆ ಮಂದಿ ಯಾರಂತ ಕೇಳ್ರಿ. ಅವರಿಗೆ ಹುಳಾ ಬೀಳ್ಲಿ!"

ನಾನು ಮೆತ್ತಗೆ ಮಾಡಿ ಅನುವಾದಿಸಿದೆ. ಅವರು ನೀರು ಕುಡಿದು ಹೇಳಿದರು: "ಒಬ್ಬ ನನ್ನ ಅಪ್ಪನ ಕಡೆಯ ಮುತ್ತಾತನ ಅಪ್ಪ."

ತಾಯಿಯ ಕಡೆಯವರು ನಡೆದು ಬಂದವರು, ತಂದೆಯ ಕಡೆಯವರು ಸಹಿ ಮಾಡಿ ಮೊದಲೇ ಬಂಡಿಯಲ್ಲಿ ಬಂದವರು. "ಕ್ರಿಸ್‌ಮಸ್ ಊಟಕ್ಕೆ ಎರಡೂ ಕಡೆಯವರನ್ನು ಕರೆಯುತ್ತಿದ್ದೆವು. ಅಮ್ಮ ಆವತ್ತು ಚಾಕು ಬೇಕಾಗದ ಅಡುಗೆಯನ್ನೇ ಮಾಡುತ್ತಿದ್ದಳು." ಆಮೇಲೆ ಸೇರಿಸಿದರು: "ಅವನು ಮೂರ್ಖನಲ್ಲ, ದುಷ್ಟನೂ ಅಲ್ಲ. ಹೇಗೂ ಓಡಿಸುತ್ತಾರೆ, ಮೊದಲೇ ಒಪ್ಪಿಕೊಂಡರೆ ನಾಲ್ಕು ಜನ ಬದುಕಿಯಾರು ಅಂತ ಲೆಕ್ಕ ಹಾಕಿದ. ಹೆದರಿದವನ ಲೆಕ್ಕ ಅದು. ತಪ್ಪಿತು."

ಹೆಂಡತಿ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮುಂದಿನ ಬೇಸಿಗೆಯಲ್ಲಿ ನಮ್ಮ ಕಂಪನಿಯ ಲೇಬರ್ ಕ್ಯಾಂಪನ್ನು ಎಬ್ಬಿಸಿ ಬೇರೆ ಕಡೆ ಸಾಗಿಸುವ ಮಾತು ಬಂತು. ಕ್ಯಾಂಪು ದೋಹಾದ ಅಂಚಿನಲ್ಲಿತ್ತು. ಶುಕ್ರವಾರ ಹುಡುಗರು ಮುಶೈರಿಬ್‌ಗೆ ಹೋಗಿ ಊರಿನವರನ್ನು ನೋಡುತ್ತಿದ್ದರು, ಮನೆಗೆ ಫೋನು ಮಾಡುತ್ತಿದ್ದರು. ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿದು ಅಂಗಳದಲ್ಲಿ ಪುದೀನ, ಒಂದು ನುಗ್ಗೆ ಮರ ಬೆಳೆಸಿದ್ದರು. ಹೊಸ ಕ್ಯಾಂಪು ಉತ್ತರದಲ್ಲಿ, ಅಲ್ ಶಮಾಲ್ ರಸ್ತೆಯಿಂದ ಒಳಗೆ ಬಟ್ಟಬಯಲಿನಲ್ಲಿ. ಸೈಟಿಗೆ ಹತ್ತಿರ, ಉಳಿದ ಎಲ್ಲದಕ್ಕೂ ದೂರ. ತಗಡಿನ ಕೋಣೆಗಳು ನಿಂತಿದ್ದವು, ಜನರೇಟರ್ ಬಂದಿರಲಿಲ್ಲ, ನೀರಿನ ಪೈಪೂ ಇರಲಿಲ್ಲ. ಜುಲೈನಲ್ಲೇ ಖಾಲಿ ಮಾಡಬೇಕು ಎಂದ ನಮ್ಮ ಮೆಜೆಸ್ಟಿ. ಕೆಲಸಗಾರರೂ ಒಪ್ಪಿದ್ದಾರೆ, ಸಹಿ ಇದೆ ಎಂದ.

ಸಹಿ ಫೋರ್ಮನ್ ಹಮೀದಾಕನದು. ಉಳ್ಳಾಲದ ಬ್ಯಾರಿ, ನಾನು ಶಾಲೆಯಲ್ಲಿದ್ದಾಗಲೇ ಕತಾರಿಗೆ ಬಂದವರು. ಎಲ್ಲರಿಗೂ ಬೇಕಾದವರು. ಅವರನ್ನು ಒಬ್ಬರನ್ನೇ ಆಫೀಸಿಗೆ ಕರೆದು, ಎಸಿಯಲ್ಲಿ ಕೂರಿಸಿ, ಸಹಿ ಇಲ್ಲದಿದ್ದರೆ ಯಾರ ವೀಸಾವೂ ಮುಂದುವರಿಯುವುದಿಲ್ಲ ಎಂದಿದ್ದರು. ವಿಷಯ ತಿಳಿದ ದಿನದಿಂದ ಕ್ಯಾಂಪಿನಲ್ಲಿ ಯಾರೂ ಅವರ ಜೊತೆ ಮಾತಾಡುತ್ತಿರಲಿಲ್ಲ. ಅವರು ಊಟಕ್ಕೆ ಕೂತರೆ ಆ ಬೆಂಚಿನಿಂದ ಉಳಿದವರು ಎದ್ದುಹೋಗುತ್ತಿದ್ದರು. ಈ ಬಹಿಷ್ಕಾರದ ಮುಂದಾಳು ಕರೀಂನಗರದ ಗಾರೆ ಮೇಸ್ತ್ರಿ, ಒರಟು ಆಸಾಮಿ.

ನಾನು ಇದನ್ನು ಹೇಳಿದ್ದೇ ತಡ, ನಮ್ಮ ಇಂಡಿಯನ್ ಎದ್ದು "ಯಲ್ಲಾ" ಎಂದರು. 'ನಡಿ' ಎಂಬರ್ಥದ ಆ ಒಂದು ಪದವೇ ಅವರಿಗೆ ಬರುತ್ತಿದ್ದ ಅರಬ್ಬಿ. ಕ್ಯಾಂಪಿಗೆ ಹೋಗಿ ಹಮೀದಾಕನ ಮಂಚದ ಮೇಲೆ ಅವರ ಪಕ್ಕದಲ್ಲೇ ಕೂತರು. ಮಂಚ ಕಿರುಗುಟ್ಟಿತು.

"ನನ್ನ ಮುತ್ತಾತನ ಅಪ್ಪನೂ ಹೀಗೇ ಸಹಿ ಮಾಡಿದ್ದ," ಎಂದರು. "ಆಮೇಲೆ ಅವನ ಗುಂಪಿನ ಮೂವರು ಮುಖಂಡರನ್ನು ನಮ್ಮವರೇ ಒಂದೇ ದಿನ ಕೊಂದರು. ನಿಮ್ಮವರು ಬರೀ ಮಾತು ಬಿಟ್ಟಿದ್ದಾರೆ. ಪರವಾಗಿಲ್ಲ, ಒಳ್ಳೆಯ ಜನ."

ನಾನು ಅನುವಾದಿಸಿದೆ. ಹಮೀದಾಕ ಬೆವರು ಒರೆಸಿಕೊಂಡು ನನ್ನ ಕಿವಿಯಲ್ಲಿ ಕೇಳಿದರು: "ಇವ ಸಮಾಧಾನ ಹೇಳುವುದಾ, ಹೆದರಿಸುವುದಾ ಮಾರಾಯ್ರೆ?"

"ನನಗೂ ಗೊತ್ತಿಲ್ಲ."

"ನಾನು ಎಂತ ಮಾಡ್ಲಿಕ್ಕಿತ್ತು, ನೀವೇ ಹೇಳಿ. ಇಷ್ಟು ಜನರ ವೀಸಾ. ಎಲ್ಲರಿಗೂ ಮನೆ ಉಂಟು, ಮಕ್ಕಳುಂಟು. ಈಗ ಚಾಯ ಕುಡಿಲಿಕ್ಕೂ ಒಬ್ಬ ಜೊತೆಗಿಲ್ಲ." ಅಷ್ಟು ಹೇಳಿ ಆ ಗಟ್ಟಿ ಮನುಷ್ಯ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟರು. ಇದಕ್ಕೆ ಅನುವಾದ ಬೇಕಾಗಲಿಲ್ಲ. ಇವರು ಹಮೀದಾಕನ ಬೆನ್ನ ಮೇಲೆ ಕೈಯಿಟ್ಟರು.

ಹೊಸ ಕ್ಯಾಂಪಿನ ಕರಾರಿಗೆ ಕಂಪನಿಯ ಪರ ಸಹಿ ಮಾಡಬೇಕಾದವರು ಇವರೇ. ಮರುದಿನ ಮೀಟಿಂಗಿನಲ್ಲಿ ಮೆಜೆಸ್ಟಿ ಕಾಗದ ಮುಂದಿಟ್ಟು, ತಾನೇ ಪೆನ್ನನ್ನೂ ಕೊಟ್ಟ. "ಮಾಡುತ್ತೇನೆ," ಎಂದರು ಇವರು. "ಮೊದಲು ಜಾಗ ನೋಡೋಣ. ಅಲ್ಲೇ ಊಟ ಮಾಡೋಣ. ಊಟ ನನ್ನದು."

ನಡುಹಗಲಿಗೆ ಅಲ್ಲಿ ಮುಟ್ಟಿದೆವು. ನಮ್ಮನ್ನಿಳಿಸಿದ ಡ್ರೈವರನನ್ನು ಪೆಟ್ರೋಲು ಹಾಕಿಸಿಕೊಂಡು ಬಾ ಎಂದು ಇವರು ಕಳಿಸಿಬಿಟ್ಟರು. ಹತ್ತಿರದ ಬಂಕು ಎಲ್ಲೋ ದೂರದಲ್ಲಿತ್ತು. ತಗಡಿನ ಕೋಣೆಯ ಬಾಗಿಲ ಹಿಡಿ ಮುಟ್ಟಿ ಮೆಜೆಸ್ಟಿ ಕೈ ಕೊಡವಿಕೊಂಡ. ಒಳಗೆ ಮೂರು ಮಂಚ. ಕಿಟಕಿ ತೆರೆದರೆ ಬೆಂಕಿ, ಮುಚ್ಚಿದರೆ ಒಲೆ. ಇವರು ಬೂಟು ಬಿಚ್ಚಿ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಕಾಗದದ ಪೊಟ್ಟಣ ಬಿಚ್ಚಿ ಪರೋಟಾ ಹರಿಯುತ್ತ ಮಾತಿಗೆ ಶುರುವಿಟ್ಟರು. ಹವಾಮಾನ, ಕ್ರಿಕೆಟ್, ಇಂಗ್ಲೆಂಡಿನ ರಾಣಿಯ ಆರೋಗ್ಯ. ಮೆಜೆಸ್ಟಿ ಮೊದಲು ಟೈ ಸಡಿಲಿಸಿದ. ಆಮೇಲೆ ತೆಗೆದ. ಆಮೇಲೆ ಅಂಗಿಯ ಗುಂಡಿ. ಮುಖ ಬೇಯಿಸಿದ ಬೀಟ್‌ರೂಟ್ ಆಯಿತು. ನೀರಿನ ಬಾಟಲಿ ಖಾಲಿಯಾದಾಗ ಸುತ್ತ ನೋಡಿ, "ಇಲ್ಲಿ ನೀರು?" ಎಂದ.

"ಮಾಫಿ," ಎಂದೆ ನಾನು. ಇಲ್ಲ ಎಂಬುದಕ್ಕೆ ಕೊಲ್ಲಿಯಲ್ಲಿ ಎಲ್ಲರೂ ಅನ್ನುವ ಮಾತು. ಅದನ್ನು ಅಷ್ಟು ಸಂತೋಷದಿಂದ ನಾನು ಎಂದೂ ಅಂದಿರಲಿಲ್ಲ.

ಕಾರು ವಾಪಸು ಬರುವಷ್ಟರಲ್ಲಿ ಆತ ನೆಲದ ಮೇಲೆ ಕೂತು ಗೋಡೆಗೆ ತಲೆ ಆನಿಸಲು ಹೋಗಿ, ಗೋಡೆ ಸುಟ್ಟು, ಮುಂದಕ್ಕೆ ಬಾಗಿದ್ದ. "ಚೀಫ್, ಇಲ್ಲಿ ತಂಪು ಯಾವಾಗ ಶುರುವಾಗುತ್ತೆ?" ಎಂದು ಕ್ಷೀಣವಾಗಿ ಕೇಳಿದ.

"ಅಕ್ಟೋಬರ್ ಕೊನೆಗೆ, ಯುವರ್ ಮೆಜೆಸ್ಟಿ. ಜನರೇಟರ್, ಎಸಿ, ನೀರಿನ ಪೈಪು ಬರೋದಕ್ಕೂ ಅಷ್ಟು ದಿನ ಬೇಕು."

ಅವೆಲ್ಲ ಬಂದ ಮೇಲೆ, ಅಕ್ಟೋಬರ್ ಕೊನೆಗೇ ಸ್ಥಳಾಂತರ ಎಂಬ ಷರತ್ತನ್ನು ನಾನು ಕರಾರಿನ ಕಾಗದವನ್ನು ತೊಡೆಯ ಮೇಲಿಟ್ಟು ಅದರಲ್ಲೇ ಬರೆದು ಸೇರಿಸಿದೆ. ಇಬ್ಬರೂ ಅಲ್ಲೇ ಸಹಿ ಮಾಡಿದರು.

ನನಗೆ ಮಾತ್ರ ಸಮಾಧಾನವಾಗಲಿಲ್ಲ. ಕ್ಯಾಂಪು ಏಳುವುದೇ ಇಲ್ಲ ಎಂದು ಮನಸ್ಸಿನಲ್ಲಿ ಹಬ್ಬ ಮಾಡಿಕೊಂಡು ಹೋಗಿದ್ದೆ. ವಾಪಸು ಬರುವಾಗ ಕೇಳಿಯೇಬಿಟ್ಟೆ, ಸಹಿ ಮಾಡುವುದಿಲ್ಲ ಅಂದಿದ್ದರೆ ಆಗುತ್ತಿರಲಿಲ್ಲವೇ ಎಂದು.

"ನಾನು ಮಾಡದಿದ್ದರೆ ಇನ್ನೊಬ್ಬನ ಕೈಲಿ ಮಾಡಿಸುತ್ತಾರೆ," ಎಂದರು. "ಯಾವಾಗಲೂ ಇನ್ನೊಬ್ಬ ಸಿಕ್ಕೇ ಸಿಗುತ್ತಾನೆ. ಅದು ಗೊತ್ತಿದ್ದ ಮನೆತನ ನಮ್ಮದು." ಆಮೇಲೆ ದೋಹಾ ಬರುವವರೆಗೂ ಅವರು ಒಂದು ತಮಾಷೆಯನ್ನೂ ಮಾಡಲಿಲ್ಲ. ನಾನು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಮೆಜೆಸ್ಟಿ ಬಿಸಿಲನ್ನು ಕ್ಷಮಿಸಿದ, ಪರೋಟಾವನ್ನು ಕ್ಷಮಿಸಲಿಲ್ಲ. ವರ್ಷಾಂತ್ಯಕ್ಕೆ ಇವರ ಕೆಲಸ ಮುಂದುವರಿಸುವುದಿಲ್ಲ ಎಂದು ಮೇಲಿನವರಿಂದ ಹೇಳಿಸಿದ. "ಖಲಾಸ್," ಎಂದು ಇವರು ಕೈ ಕೊಡವಿದರು. ಹಾಗೆ ಅವರ ಅರಬ್ಬಿ ಎರಡು ಪದಕ್ಕೆ ಏರಿತು.

ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ಕ್ಯಾಂಪು ಎದ್ದಿತು. ಬಸ್ಸುಗಳು ಬಂದವು. ಜನ ಟ್ರಂಕು, ಕುಕ್ಕರು, ಟೇಪ್‌ರೆಕಾರ್ಡರು ಹೊತ್ತು ಹತ್ತಿದರು. ನುಗ್ಗೆ ಮರವನ್ನು ಅಲ್ಲೇ ಬಿಡಬೇಕಾಯಿತು. ಯಾರೋ ಅದರ ನಾಲ್ಕು ಕೊಂಬೆ ಕಡಿದು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡಿದ್ದರು. ಹಮೀದಾಕ ಮುಂದಿನ ಸೀಟಿನಲ್ಲಿ ಒಬ್ಬರೇ ಕೂತಿದ್ದರು. ಬಸ್ಸಿನ ನಡುವೆ ಜನ ನಿಂತಿದ್ದರೂ ಆ ಪಕ್ಕದ ಸೀಟು ಖಾಲಿ. ನಾನು ಹೋಗಿ ಕೂರಬೇಕು ಅಂದುಕೊಳ್ಳುವಷ್ಟರಲ್ಲಿ ಇವರು ತಲೆ ಬಗ್ಗಿಸಿ ಬಸ್ಸು ಹತ್ತಿದರು. ಅವರಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಆ ಸೀಟಿನಲ್ಲಿ ಕೂತು, ಬೂಟುಗಾಲು ದಾರಿಗೆ ಚಾಚಿ, ಹಮೀದಾಕನಿಗೆ ನಮಸ್ಕಾರ ಹೇಳಿದರು.

ಪೇಟೆ ದಾಟಿ ಬಯಲು ಶುರುವಾಗುವ ಮೊದಲೇ ಇವರಿಗೆ ನಿದ್ದೆ ಹತ್ತಿತು. ತಲೆ ಮೆಲ್ಲಗೆ ವಾಲಿ ಹಮೀದಾಕನ ಹೆಗಲ ಮೇಲೆ ಬಂತು. ಬಾಯಿ ತೆರೆಯಿತು. ಗೊರಕೆ ಶುರುವಾಯಿತು. ಸಣ್ಣ ಗೊರಕೆಯಲ್ಲ, ಡೀಸೆಲ್ ಎಂಜಿನ್ನನ್ನು ಮೀರಿಸುವಂಥದು. ಹಮೀದಾಕ ಕಂಬದ ಹಾಗೆ ಬಿಗಿಯಾಗಿ ಕೂತರು. ಮೂಗಿನ ಮೇಲೆ ಕೂತ ನೊಣವನ್ನೂ ಓಡಿಸಲಿಲ್ಲ. ಅಷ್ಟು ದೊಡ್ಡ ಅಮೆರಿಕನ್ ಸಾಹೇಬನ ಜುಟ್ಟು ಅವರ ಕುತ್ತಿಗೆಗೆ ಕಚಗುಳಿ ಇಡುತ್ತಿತ್ತು.

ಮೊದಲು ನಕ್ಕವನು ಕರೀಂನಗರದ ಮೇಸ್ತ್ರಿ. ತಡೆಯಲು ನೋಡಿದ, ಆಗಲಿಲ್ಲ. "ಹಮೀದ್ ಭಾಯ್, ಮಗುವಿಗೆ ಜೋಗುಳ ಹಾಡಿ," ಎಂದ ಹಿಂದಿಯಲ್ಲಿ. ಅವನು ಮಾತಾಡಿಸಿದ್ದು ತಿಂಗಳುಗಳ ಮೇಲೆ. ಇಡೀ ಬಸ್ಸು ನಕ್ಕಿತು. ಹಮೀದಾಕ ತುಟಿಯ ಮೇಲೆ ಬೆರಳಿಟ್ಟು, "ಶ್! ಸೋನೇ ದೋ," ಎಂದರು. ಅದಕ್ಕೆ ಇನ್ನಷ್ಟು ನಗು.

ಹೊಸ ಕ್ಯಾಂಪು ಬಂತು. ಜನ ಇಳಿದು ಕೋಣೆ ಹಿಡಿಯಲು ಓಡಿದರು. ಎಸಿಗಳು ಗುಂಯ್ ಎನ್ನುತ್ತಿದ್ದವು, ನಲ್ಲಿಯಲ್ಲಿ ನೀರು ಬರುತ್ತಿತ್ತು. ಬಸ್ಸು ಖಾಲಿಯಾಯಿತು. ಹೆಗಲ ಮೇಲಿನ ತಲೆ ಏಳಲಿಲ್ಲವಾಗಿ ಹಮೀದಾಕ ಕೂತೇ ಇದ್ದರು. ಅಷ್ಟರಲ್ಲಿ ಮೇಸ್ತ್ರಿ ವಾಪಸು ಬಂದು, ಬಸ್ಸಿನ ಬಾಗಿಲಿಗೆ ಕೈಯಾನಿಸಿ, ಒಳಗೆ ಇಣುಕಿ ಕೂಗಿದ:

"ಎಷ್ಟು ಹೊತ್ತು ಕೂತಿರ್ತೀರಿ ಹಮೀದ್ ಭಾಯ್? ನಮ್ಮ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚ ನಿಮಗೆ ಹಿಡಿದಿಟ್ಟಿದೀನಿ. ಬೇರೆಯವರು ಬಂದು ಮಲಗೋ ಮೊದಲು ಬನ್ನಿ."